ಶ್ವಾಸಕೋಶ ಕಾಯುವ ಮಾತ್ರೆ: ನಂಬಿಕೆ ಎಷ್ಟು, ನಿಜ ಎಷ್ಟು

ಎದೆಗೆ ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನವೇ ಮನೆಯಲ್ಲಿ ಹುಡುಕಾಟ ಶುರುವಾಗುತ್ತದೆ. ಕೂದಲು ಉದುರುತ್ತದಾ, ಊಟ ಸೇರುತ್ತದಾ ಎಂಬ ಪ್ರಶ್ನೆಗಳ ಜೊತೆಗೆ ಇನ್ನೊಂದು: ಶ್ವಾಸಕೋಶ ಸುಟ್ಟುಹೋಗದಂತೆ ಮೊದಲೇ ನುಂಗುವ ಮಾತ್ರೆ ಯಾವುದಾದರೂ ಇದೆಯಾ? ವಾಟ್ಸಾಪ್‌ನಲ್ಲಿ ಉತ್ತರಕ್ಕೆ ಬರವಿಲ್ಲ. ತುಳಸಿ ರಸ, ಅರಿಶಿನದ ಕ್ಯಾಪ್ಸೂಲ್, ವಿಟಮಿನ್ ಇ, ಅಯೋಡಿನ್, ಬಿಪಿ ಮಾತ್ರೆ, ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಇವುಗಳಲ್ಲಿ ಕೆಲವಕ್ಕೆ ಬೆನ್ನಿಗೆ ಪ್ರಯೋಗಾಲಯದ ಗಟ್ಟಿ ಕೆಲಸವೇ ಇದೆ. ತೊಡಕು ಇರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು.

ಶ್ವಾಸಕೋಶ, ಸ್ತನ, ಅನ್ನನಾಳದ ಕ್ಯಾನ್ಸರ್‌ಗಳಿಗೂ ಎದೆಯೊಳಗಿನ ಲಿಂಫೋಮಾಗೂ ಕಿರಣ ಹಾಯಿಸುವಾಗ ಆರೋಗ್ಯವಂತ ಶ್ವಾಸಕೋಶದ ಒಂದಿಷ್ಟು ಭಾಗ ದಾರಿಯಲ್ಲಿ ಸಿಕ್ಕೇ ಸಿಗುತ್ತದೆ. ಎಷ್ಟು ಭಾಗ ಸಿಕ್ಕಿತು, ಅದಕ್ಕೆ ಎಷ್ಟು ಡೋಸ್ ತಾಗಿತು ಎನ್ನುವುದರ ಮೇಲೆ ಮುಂದಿನದು ನಿಂತಿದೆ. ಸ್ತನ ಕ್ಯಾನ್ಸರ್‌ನಲ್ಲಿ ಲಕ್ಷಣ ತೋರುವಷ್ಟು ತೊಂದರೆಯಾಗುವುದು ನೂರರಲ್ಲಿ ಕೆಲವೇ ಮಂದಿಗೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಕಿಮೊ ಮತ್ತು ವಿಕಿರಣ ಎರಡನ್ನೂ ಒಟ್ಟಿಗೆ ಪಡೆದವರ ಕಥೆ ಬೇರೆ. ಅಂಥ 836 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಶೇ. 30ರಷ್ಟು ಮಂದಿಗೆ ಲಕ್ಷಣ ಕಾಣಿಸಿಕೊಂಡಿತ್ತು, ಶೇ. 1.9ರಷ್ಟು ಮಂದಿ ಅದರಿಂದಲೇ ತೀರಿಕೊಂಡಿದ್ದರು. ಭಯಪಡಿಸುವುದಕ್ಕೆ ಈ ಅಂಕಿಗಳನ್ನು ಹೇಳುತ್ತಿಲ್ಲ. ಮನೆಯವರ ಪ್ರಶ್ನೆ ಕ್ಷುಲ್ಲಕವಲ್ಲ ಎಂದು ತೋರಿಸುವುದಕ್ಕೆ ಅಷ್ಟೆ.

ತಪ್ಪು ಕಲ್ಪನೆ: “ಕರೆಂಟ್ ಮುಗಿದು ಎರಡು ತಿಂಗಳಾಯಿತು. ಈಗ ಬಂದ ಕೆಮ್ಮಿಗೂ ಅದಕ್ಕೂ ಏನು ಸಂಬಂಧ?”

ಚರ್ಮ ಕೆಂಪಾಗುವುದು ಚಿಕಿತ್ಸೆ ನಡೆಯುತ್ತಿರುವಾಗಲೇ ಕಣ್ಣಿಗೆ ಬೀಳುತ್ತದೆ. ಒಳಗಿನ ಹಾನಿಯೂ ಆಗಲೇ ತಿಳಿಯಬೇಕಲ್ಲವೇ ಎಂದು ಅಂದುಕೊಳ್ಳುವುದು ಸಹಜ. ಶ್ವಾಸಕೋಶದ ಲೆಕ್ಕ ಹಾಗಿಲ್ಲ. ಕಿರಣ ತಾಗಿದ ಗಳಿಗೆಯಲ್ಲೇ ಜೀವಕೋಶದೊಳಗಿನ ನೀರಿನ ಅಣುಗಳು ಒಡೆದು ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ, ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಇದೆಲ್ಲ ಸೆಕೆಂಡಿನ ಸಣ್ಣ ಚೂರೊಂದರಲ್ಲಿ ಮುಗಿದುಹೋಗುತ್ತದೆ. ಆಮೇಲೆ ವಾರಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಮಾತ್ರ ಗಾಳಿಚೀಲಗಳ ಗೋಡೆಯ ಕೋಶಗಳು ಒಂದೊಂದಾಗಿ ಸಾಯುತ್ತಿರುತ್ತವೆ. ಗಾಳಿಚೀಲ ಮುದುಡಿಕೊಳ್ಳದಂತೆ ಹಿಡಿದಿಡುವ ಸರ್ಫ್ಯಾಕ್ಟಂಟ್ ದ್ರವದ ಹದ ಕೆಡುತ್ತದೆ, ಎಳೆಯಂಥ ರಕ್ತನಾಳಗಳು ಸೋರತೊಡಗುತ್ತವೆ, ಉರಿಯೂತದ ಕಣಗಳು ಬಂದು ಸೇರಿಕೊಳ್ಳುತ್ತವೆ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಕೆಲವರಿಗೆ ಸಣ್ಣ ಜ್ವರ. ಇಷ್ಟು ಹೊತ್ತಿಗೆ ಚಿಕಿತ್ಸೆ ಮುಗಿದು ಒಂದರಿಂದ ಆರು ತಿಂಗಳಾಗಿರುತ್ತದೆ. ಇದನ್ನು ವೈದ್ಯರು ನ್ಯುಮೊನೈಟಿಸ್ ಎನ್ನುತ್ತಾರೆ. ಕೆಲವರಲ್ಲಿ ಅದು ಅಲ್ಲಿಗೇ ಶಮನವಾಗುತ್ತದೆ. ಇನ್ನು ಕೆಲವರಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನು ದುರಸ್ತಿಯ ಕೆಲಸವನ್ನು ಅತಿಯಾಗಿ ಮಾಡಿಸಿ, ಮೆತ್ತಗಿರಬೇಕಾದ ಜಾಗದಲ್ಲಿ ನಾರು ತುಂಬಿಸುತ್ತದೆ. ಫೈಬ್ರೋಸಿಸ್ ಎಂಬ ಈ ಗಟ್ಟಿ ಕಲೆ ಆರು ತಿಂಗಳ ನಂತರ ಶುರುವಾಗಿ ಎರಡು ವರ್ಷದವರೆಗೂ ಬೆಳೆಯಬಹುದು.

ಈ ಕಾಲಗಣನೆ ತಲೆಯಲ್ಲಿದ್ದರೆ ಮದ್ದುಗಳ ವಿಷಯ ಅರ್ಧ ಅರ್ಥವಾದಂತೆ. ಕಿರಣಕ್ಕೆ ಮೊದಲು ಕೊಟ್ಟು ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿದಲ್ಲೇ ಹಿಡಿಯುವ ಮದ್ದು ಒಂದು ಬಗೆ. ಕಿರಣ ತಾಗಿದ ಮೇಲೆ, ಕೆಮ್ಮು ಕಾಣುವ ಮುನ್ನ, ಆ ಮೌನದ ವಾರಗಳಲ್ಲಿ ಕೊಡುವುದು ಎರಡನೆಯ ಬಗೆ. ಕೆಮ್ಮು ಬಂದ ಮೇಲೆ ಕೊಡುವುದು ಮೂರನೆಯದು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಜನರ ಗೊಂದಲದ ಬಹುಪಾಲು ಈ ಮೂರನ್ನೂ ಒಂದೇ ಡಬ್ಬಿಗೆ ಹಾಕುವುದರಿಂದ ಹುಟ್ಟಿದ್ದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮ ದೇಶದಲ್ಲಿ ಎಕ್ಸ್‌ರೇಯಲ್ಲಿ ನೆರಳು, ಜೊತೆಗೆ ಕೆಮ್ಮು, ಸಂಜೆ ಜ್ವರ ಎಂದರೆ ಮೊದಲು ಹೊಳೆಯುವುದು ಟಿಬಿ. ಟಿಬಿ ಅಥವಾ ನ್ಯುಮೋನಿಯಾ ಇರಲೂಬಹುದು, ಕಫ ಪರೀಕ್ಷೆ ಮಾಡಿಸಲೇಬೇಕು. ಆದರೆ ವಿಕಿರಣದ ನೆರಳಿಗೆ ಒಂದು ಗುರುತಿದೆ. ಸೋಂಕು ಶ್ವಾಸಕೋಶದ ಹಾಲೆಗಳ ಗಡಿಯನ್ನು ಅನುಸರಿಸಿದರೆ, ವಿಕಿರಣದ ಹಾನಿ ಬಹಳಷ್ಟು ಸಲ ಕಿರಣ ಹಾಯ್ದ ಕ್ಷೇತ್ರದ ಅಂಚಿಗೇ ನಿಲ್ಲುತ್ತದೆ. ವಿಕಿರಣ ಚಿಕಿತ್ಸೆಯ ಹಳೆಯ ಪ್ಲ್ಯಾನ್ ಪಕ್ಕದಲ್ಲಿಟ್ಟು ಸಿಟಿ ಸ್ಕ್ಯಾನ್ ನೋಡಿದವರಿಗೆ ಇದು ತಿಳಿಯುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ಕೆಮ್ಮಿಗೆ ತೋರಿಸುವಾಗ ‘ಮೂರು ತಿಂಗಳ ಹಿಂದೆ ಕರೆಂಟ್ ಕೊಟ್ಟಿದ್ದರು’ ಎನ್ನುವ ಒಂದು ವಾಕ್ಯ ಬಿಟ್ಟುಹೋದರೆ ರೋಗಪತ್ತೆ ತಿಂಗಳುಗಟ್ಟಲೆ ದಾರಿ ತಪ್ಪುತ್ತದೆ.

ತಪ್ಪು ಕಲ್ಪನೆ: “ಅಮೆರಿಕದಲ್ಲಿ ಮೊದಲೇ ಚುಚ್ಚುವ ಇಂಜೆಕ್ಷನ್ ಇದೆ, ನಮ್ಮವರಿಗೆ ಗೊತ್ತಿಲ್ಲ”

ಇಂಜೆಕ್ಷನ್ ಇರುವುದು ನಿಜ. ನಮ್ಮ ವೈದ್ಯರಿಗೆ ಅದು ಗೊತ್ತಿರುವುದೂ ನಿಜ. ಅದರ ಹೆಸರು ಅಮಿಫಾಸ್ಟಿನ್. ಅದರ ಹುಟ್ಟು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಗಲಿಲ್ಲ. ಶೀತಲ ಸಮರದ ದಿನಗಳಲ್ಲಿ, ಅಣುಬಾಂಬಿನ ವಿಕಿರಣದಿಂದ ಸೈನಿಕರನ್ನು ಉಳಿಸುವ ಮದ್ದು ಬೇಕೆಂದು ಅಮೆರಿಕದ ಸೇನೆಯ ವಾಲ್ಟರ್ ರೀಡ್ ಸಂಶೋಧನಾ ಸಂಸ್ಥೆ 1950ರ ದಶಕದ ಕೊನೆಯಲ್ಲಿ ಹುಡುಕಾಟ ಶುರುಮಾಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಜಾಲಾಡಿದ ಮೇಲೆ ಎಲ್ಲಕ್ಕಿಂತ ಮೇಲೆ ನಿಂತದ್ದು ಡಬ್ಲ್ಯೂಆರ್-2721. ಆ ಎರಡು ಅಕ್ಷರಗಳು ಸಂಸ್ಥೆಯ ಹೆಸರಿನವೇ. ವಾಂತಿ ಬರಿಸಿ, ರಕ್ತದೊತ್ತಡ ಇಳಿಸಿ ಮಲಗಿಸುವ ಮದ್ದು ಯುದ್ಧರಂಗದ ಸೈನಿಕನಿಗೆ ಎಷ್ಟು ಉಪಯೋಗವೋ ಬೇರೆ ಮಾತು. ಆದರೆ ಕ್ಯಾನ್ಸರ್ ತಜ್ಞರು ಅದರಲ್ಲಿ ಒಂದು ಒಳ್ಳೆಯ ಗುಣ ಕಂಡರು. ಅದು ದೇಹಕ್ಕೆ ಹೋಗುವಾಗ ನಿಷ್ಕ್ರಿಯ. ರಕ್ತನಾಳಗಳ ಗೋಡೆಯಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿದಾಗಲೇ ಎಚ್ಚರಗೊಳ್ಳುತ್ತದೆ. ರಕ್ತನಾಳಗಳೂ ಕಿಣ್ವವೂ ಚೆನ್ನಾಗಿರುವ ಆರೋಗ್ಯವಂತ ಅಂಗಾಂಶದಲ್ಲಿ ಇದು ಹೆಚ್ಚು ನಡೆಯುತ್ತದೆ, ಗಡ್ಡೆಯೊಳಗೆ ಕಡಿಮೆ ಎಂಬುದು ಲೆಕ್ಕಾಚಾರ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 1995ರಲ್ಲಿ ಒಪ್ಪಿಗೆ ಕೊಟ್ಟದ್ದು ಸಿಸ್‌ಪ್ಲಾಟಿನ್ ಕಿಮೊದಿಂದ ಮೂತ್ರಪಿಂಡ ಕಾಪಾಡಲು. 1999ರಲ್ಲಿ ಕೊಟ್ಟದ್ದು, ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯ ನಂತರ ಕಿರಣ ಪಡೆಯುವವರ ಬಾಯಿ ಒಣಗುವುದನ್ನು ತಗ್ಗಿಸಲು. ಕಿರಣದಿಂದ ಶ್ವಾಸಕೋಶ ಕಾಪಾಡುವ ಮಾತು ಆ ಒಪ್ಪಿಗೆಗಳಲ್ಲಿ ಇಲ್ಲ. ಪ್ರಯತ್ನವಾಗದೆ ಇರಲಿಲ್ಲ. ಗ್ರೀಸ್‌ನಲ್ಲಿ 146 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ನ್ಯುಮೊನೈಟಿಸ್ ಗಣನೀಯವಾಗಿ ತಗ್ಗಿತೆಂದಿತು, ಎಲ್ಲರೂ ಕಿವಿ ನಿಮಿರಿಸಿದರು. ಆಮೇಲೆ ಅಮೆರಿಕದಲ್ಲಿ 243 ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ಅಮಿಫಾಸ್ಟಿನ್ನಿನ ದೊಡ್ಡ ಪರೀಕ್ಷೆ ನಡೆಯಿತು. ಅದರ ಮುಖ್ಯ ಗುರಿ ಎದೆಯಲ್ಲೇ ಇರುವ ಅನ್ನನಾಳದ ಉರಿಯೂತವನ್ನು ತಗ್ಗಿಸುವುದು. 2005ರಲ್ಲಿ ಹೊರಬಂದ ಫಲಿತಾಂಶದಲ್ಲಿ ತೀವ್ರ ಉರಿಯೂತ ಮದ್ದು ಪಡೆದವರಲ್ಲಿ ಶೇ. 30, ಪಡೆಯದವರಲ್ಲಿ ಶೇ. 34. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಇದನ್ನು ಬಳಸುವುದೂ ಸಲೀಸಲ್ಲ. ರಕ್ತದಲ್ಲಿ ಇದು ಉಳಿಯುವುದು ಕೆಲವೇ ನಿಮಿಷ. ಹಾಗಾಗಿ ಪ್ರತಿ ಸಲ ಕಿರಣಕ್ಕೆ ಹದಿನೈದರಿಂದ ಮೂವತ್ತು ನಿಮಿಷ ಮುಂಚೆ ನರಕ್ಕೆ ಕೊಡಬೇಕು, ರೋಗಿಯನ್ನು ಮಲಗಿಸಿ ಬಿಪಿ ನೋಡುತ್ತಿರಬೇಕು. ವಾರಕ್ಕೆ ಐದು ದಿನ, ಆರು ವಾರ. ಯಂತ್ರದ ಮುಂದೆ ಬೆಳಗಿನಿಂದ ರಾತ್ರಿವರೆಗೆ ಸಾಲು ಇರುವ ನಮ್ಮ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಈ ಗಡಿಯಾರದಾಟ ನಡೆಯುವ ಮಾತೇ? ಫಲ ಖಚಿತವಾಗಿದ್ದರೆ ಹೇಗಾದರೂ ಮಾಡಿಯೇವು. ಅಷ್ಟು ಖಚಿತವಿಲ್ಲದ್ದಕ್ಕೆ ಇಷ್ಟು ಹೊರೆ ಬೇಡವೆಂದು ಹೆಚ್ಚಿನ ತಜ್ಞರು ಕೈಬಿಟ್ಟದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ತಪ್ಪು ಕಲ್ಪನೆ: “ಆಂಟಿಆಕ್ಸಿಡೆಂಟ್ ತಾನೇ, ತಿಂದರೆ ನಷ್ಟವೇನು?”

ನಷ್ಟವಿದೆ, ಅದೂ ದೊಡ್ಡದು. ಗದ್ದೆಗೆ ಕಳೆನಾಶಕ ಹೊಡೆಯುವ ದಿನ ಭತ್ತಕ್ಕೆ ರಕ್ಷೆಯೆಂದು ಇನ್ನೊಂದು ಮದ್ದು ಬೆರೆಸಿದಿರಿ ಎನ್ನಿ. ಅದು ಕಳೆಗೂ ರಕ್ಷೆಯಾದರೆ ಆ ಬೆಳೆಯ ಗತಿ ಏನು? ಕಿರಣ ಗಡ್ಡೆಯನ್ನು ಕೊಲ್ಲುವುದೂ ಬಹುಮಟ್ಟಿಗೆ ಅದೇ ಫ್ರೀ ರ‍್ಯಾಡಿಕಲ್‌ಗಳ ಮೂಲಕ. ಶ್ವಾಸಕೋಶಕ್ಕೊಂದು, ಕ್ಯಾನ್ಸರ್‌ಗೊಂದು ಎಂದು ಅವು ಬೇರೆಬೇರೆ ಇರುವುದಿಲ್ಲ. ಅಮಿಫಾಸ್ಟಿನ್ ಮೇಲೆ ಅಷ್ಟು ವರ್ಷ ಮೈಮುರಿದು ಕೆಲಸ ನಡೆದದ್ದೇ ಗಡ್ಡೆಯನ್ನು ಬಿಟ್ಟು ಮಿಕ್ಕದ್ದನ್ನು ಕಾಯುವ ಉಪಾಯಕ್ಕಾಗಿ. ಅಂಗಡಿಯ ವಿಟಮಿನ್ ಡಬ್ಬಿಗೆ ಅಂಥ ವಿವೇಚನೆಯೇನೂ ಇಲ್ಲ.

ಇದು ಬರೀ ತರ್ಕವಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ವಿಕಿರಣ ಪಡೆಯುತ್ತಿದ್ದ 540 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಡಲಾಯಿತು. ಮೊದಮೊದಲು ಸೇರಿದವರಿಗೆ ಬೀಟಾ ಕ್ಯಾರೊಟಿನ್ ಕೂಡ. ಎರಡನ್ನೂ ಪಡೆದವರಲ್ಲಿ ಅಡ್ಡಪರಿಣಾಮ ನಿಜಕ್ಕೂ ಸ್ವಲ್ಪ ತಗ್ಗಿತು. ಅಲ್ಲಿಗೇ ವರದಿ ಮುಗಿದಿದ್ದರೆ ಇವತ್ತು ಪ್ರತಿ ಆಸ್ಪತ್ರೆಯಲ್ಲೂ ಆ ಕ್ಯಾಪ್ಸೂಲ್ ಇರುತ್ತಿತ್ತು. ಆದರೆ ಅದೇ ಗುಂಪಿನಲ್ಲಿ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವ ಪ್ರಮಾಣ ಹೆಚ್ಚಿರುವ ಸೂಚನೆ ಕಂಡಿತು. ವರ್ಷಗಳ ನಂತರ ಲೆಕ್ಕ ಹಾಕಿದಾಗ ವಿಟಮಿನ್ ಪಡೆದವರಲ್ಲಿ ಸಾವೂ ಹೆಚ್ಚಿತ್ತು. ಅದಕ್ಕೂ ಮೊದಲು, 1994ರಲ್ಲಿ, ಫಿನ್ಲೆಂಡಿನ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ಶ್ವಾಸಕೋಶದ ಕ್ಯಾನ್ಸರನ್ನು ಶೇ. 18ರಷ್ಟು ಹೆಚ್ಚಿಸಿತ್ತು. ತಡೆಯುತ್ತದೆಂದು ಕೊಟ್ಟದ್ದು ತಂದಿಟ್ಟಿತು.

ಕ್ಯಾರೆಟ್, ಸೊಪ್ಪು, ಹಣ್ಣು ತಿನ್ನಬೇಡಿ ಎಂದು ಯಾರೂ ಹೇಳುತ್ತಿಲ್ಲ. ಊಟದಲ್ಲಿ ಬರುವ ಪ್ರಮಾಣವೇ ಬೇರೆ, ಡಬ್ಬಿಯಲ್ಲಿ ಬರುವ ಪ್ರಮಾಣವೇ ಬೇರೆ.

ತಪ್ಪು ಕಲ್ಪನೆ: “ತುಳಸಿ ವಿಕಿರಣ ತಡೆಯುತ್ತದೆಂದು ಮಣಿಪಾಲದಲ್ಲೇ ಸಾಬೀತಾಗಿದೆ”

ಈ ಮಾತನ್ನು ತಳ್ಳಿಹಾಕುವ ಮೊದಲು ಸಲ್ಲಬೇಕಾದ ಗೌರವ ಸಲ್ಲಿಸಬೇಕು. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗದಲ್ಲಿ ಪಿ. ಉಮಾದೇವಿ ಅವರ ತಂಡ 1990ರ ದಶಕದಲ್ಲಿ ತುಳಸಿ ಎಲೆಯ ಸಾರವನ್ನು ಕ್ರಮಬದ್ಧವಾಗಿ ಪರೀಕ್ಷಿಸಿತು. ಅದರಿಂದ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಫ್ಲೇವನಾಯ್ಡ್‌ಗಳನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿ, ಆಮೇಲೆ ಗಾಮಾ ಕಿರಣಕ್ಕೆ ಒಡ್ಡಿದಾಗ ಹೆಚ್ಚು ಇಲಿಗಳು ಬದುಕಿದವು, ಅವುಗಳ ಅಸ್ಥಿಮಜ್ಜೆಯ ಕ್ರೋಮೊಸೋಮುಗಳಿಗೆ ಕಡಿಮೆ ಪೆಟ್ಟಾಯಿತು. ಅದೇ ವಿಭಾಗದಲ್ಲಿ ಗಣೇಶ್ ಜಗೇಟಿಯಾ ನೇರಳೆ, ಬಿಲ್ವ, ಶುಂಠಿ, ಮಾವಿನ ಮ್ಯಾಂಜಿಫೆರಿನ್ ಹೀಗೆ ಸಾಲು ಸಾಲು ಸಸ್ಯಗಳ ಮೇಲೆ ಕೆಲಸ ಮಾಡಿದರು. ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾದ ಕೆಲಸಗಳಿವು. ನಮ್ಮ ಕರಾವಳಿಯಿಂದ ಇಂಥದ್ದು ಬಂದದ್ದು ಹೆಮ್ಮೆಯ ವಿಷಯವೇ.

ಈಗ ಆ ಪ್ರಯೋಗಗಳು ಏನನ್ನು ಕೇಳಿದ್ದವು ಎಂದು ನೋಡಿ. ಆರೋಗ್ಯವಂತ ಇಲಿಯ ಇಡೀ ಮೈಗೆ ಒಂದೇ ಸಲ ದೊಡ್ಡ ಡೋಸ್. ಮೂವತ್ತು ದಿನ ಬದುಕಿತೇ ಎಂಬುದು ಪ್ರಶ್ನೆ. ಆ ಮೂವತ್ತು ದಿನದಲ್ಲಿ ಇಲಿಯನ್ನು ಕೊಲ್ಲುವುದು ಮುಖ್ಯವಾಗಿ ಅಸ್ಥಿಮಜ್ಜೆ ಮತ್ತು ಕರುಳಿನ ಹಾನಿ. ಶ್ವಾಸಕೋಶದ ಸರದಿ ಬರುವುದು ಆಮೇಲೆ. ಕ್ಯಾನ್ಸರ್ ರೋಗಿಯ ಪರಿಸ್ಥಿತಿ ಎಲ್ಲ ರೀತಿಯಲ್ಲೂ ಬೇರೆ: ಎದೆಯ ಒಂದು ಭಾಗಕ್ಕೆ ಮಾತ್ರ ಕಿರಣ, ಮೂವತ್ತರಷ್ಟು ಕಂತುಗಳಲ್ಲಿ, ಒಳಗೆ ಗಡ್ಡೆ, ಜೊತೆಗೆ ಕಿಮೊ. ಚುಚ್ಚಿದ ಶುದ್ಧ ಸಂಯುಕ್ತಕ್ಕೂ ಬೆಳಗ್ಗೆ ಕುಡಿಯುವ ಕಷಾಯಕ್ಕೂ ಇರುವ ಅಂತರ ಇನ್ನೊಂದು. ಪೂಜೆಯ ತೀರ್ಥದಲ್ಲಿ ಬರುವ ನಾಲ್ಕು ತುಳಸಿ ಎಲೆ ಯಾರಿಗೂ ಕೆಡುಕು ಮಾಡುವುದಿಲ್ಲ. ಶ್ವಾಸಕೋಶಕ್ಕೆ ಕವಚವಾಗುತ್ತದೆ ಎಂದು ಮಾರುವ ಸಾಂದ್ರ ಕ್ಯಾಪ್ಸೂಲ್‌ಗೆ ಮಾತ್ರ ಮನುಷ್ಯರ ಮೇಲಿನ ಪುರಾವೆ ಇಲ್ಲ. ತುಳಸಿಯಾಗಲಿ ಅರಿಶಿನವಾಗಲಿ, ಕ್ಯಾಪ್ಸೂಲ್ ರೂಪದಲ್ಲಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚು.

ತಪ್ಪು ಕಲ್ಪನೆ: “ಬಿಪಿ ಮಾತ್ರೆ ತಿನ್ನುವವರಿಗೆ ಈ ತೊಂದರೆ ಬರುವುದಿಲ್ಲವಂತೆ”

ಎಲ್ಲ ಬಿಪಿ ಮಾತ್ರೆಗಳ ಮಾತಲ್ಲ ಇದು. ಕ್ಯಾಪ್ಟೊಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಮುಂತಾದ ‘ಪ್ರಿಲ್’ ಮಾತ್ರೆಗಳದ್ದು. ರಕ್ತನಾಳ ಬಿಗಿಯುವ ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕ ನಾರು ಬೆಳೆಯುವುದಕ್ಕೂ ಕುಮ್ಮಕ್ಕು ಕೊಡುತ್ತದೆ, ಈ ಮಾತ್ರೆಗಳು ಅದರ ತಯಾರಿಕೆಯನ್ನು ತಡೆಯುತ್ತವೆ. ಅಮೆರಿಕದ ಪ್ರಯೋಗಾಲಯಗಳಲ್ಲಿ ಹೆಗ್ಗಣಗಳ ಎದೆಗೆ ಕಿರಣ ಹಾಯಿಸಿ ಇವನ್ನು ಕೊಟ್ಟಾಗ ಶ್ವಾಸಕೋಶದ ಹಾನಿ ತಗ್ಗಿತು. ಕಿರಣದ ನಂತರ ಶುರುಮಾಡಿದರೂ ಫಲ ಸಿಕ್ಕಿತು ಎಂಬುದು ವಿಶೇಷ. ಮೌನದ ವಾರಗಳಿಗೆ ಹೇಳಿಮಾಡಿಸಿದ ಮದ್ದಿನಂತೆ ಕಂಡಿತು. ರೋಗಿಗಳ ಹಳೆಯ ದಾಖಲೆಗಳನ್ನು ತಿರುವಿದಾಗಲೂ ಈ ಮಾತ್ರೆ ನುಂಗುತ್ತಿದ್ದವರಲ್ಲಿ ನ್ಯುಮೊನೈಟಿಸ್ ಕಡಿಮೆ ಕಂಡ ಉದಾಹರಣೆಗಳಿವೆ.

ಹಾಗಾದರೆ ತಡವೇಕೆ? ಕ್ಯಾಪ್ಟೊಪ್ರಿಲ್ ಕೊಟ್ಟು ನೋಡಲು ಅಮೆರಿಕದಲ್ಲಿ ಹೂಡಿದ ಪರೀಕ್ಷೆಗೆ ಸಾಕಷ್ಟು ರೋಗಿಗಳೇ ಸೇರಲಿಲ್ಲ, ಅರ್ಧಕ್ಕೇ ಮುಚ್ಚಿತು. ಲಿಸಿನೊಪ್ರಿಲ್‌ನ ಇನ್ನೊಂದು ಪರೀಕ್ಷೆಯಲ್ಲಿ ಇದ್ದದ್ದು ಇಪ್ಪತ್ತಕ್ಕೆ ತುಸು ಹೆಚ್ಚು ಜನ. ಮಾತ್ರೆ ಸುರಕ್ಷಿತ ಎನ್ನಬಹುದಾಯಿತು, ಕಾಪಾಡುತ್ತದೆ ಎನ್ನಲಾಗಲಿಲ್ಲ. ಪೇಟೆಂಟ್ ಮುಗಿದು ಚಿಲ್ಲರೆ ಕಾಸಿಗೆ ಸಿಗುವ ಮಾತ್ರೆಗೆ ದೊಡ್ಡ ಪರೀಕ್ಷೆ ನಡೆಸಿ ಹಣ ಸುರಿಯಲು ಯಾವ ಕಂಪನಿಗೂ ಅವಸರವಿಲ್ಲ ಎಂಬುದು ನನ್ನ ಅನಿಸಿಕೆ. ಇಲ್ಲಿ ಹೇಳಿದ ಮದ್ದುಗಳಲ್ಲೆಲ್ಲ ನನಗೆ ಹೆಚ್ಚು ಆಸೆ ಹುಟ್ಟಿಸುವುದು ಇದೇ. ಆದರೂ ಬಿಪಿ ಇಲ್ಲದವರು ತಾವಾಗಿ ಶುರುಮಾಡಬಾರದು. ಕಿಮೊದಿಂದ ವಾಂತಿಯಾಗಿ ನೀರಿನಂಶ ಕಳೆದುಕೊಂಡವರಿಗೆ ಒತ್ತಡ ತೀರಾ ಕುಸಿದೀತು, ಮೂತ್ರಪಿಂಡಕ್ಕೆ ಪೆಟ್ಟಾದೀತು. ಇನ್ನೊಂದು ತಮಾಷೆಯೂ ಇದೆ. ಈ ಮಾತ್ರೆಗಳ ಅತಿ ಪರಿಚಿತ ಅಡ್ಡಪರಿಣಾಮ ಒಣಕೆಮ್ಮು! ಕೆಮ್ಮು ಮಾತ್ರೆಯದೋ ಕಿರಣದ್ದೋ ಎಂದು ತಲೆಕೆರೆದುಕೊಳ್ಳುವ ಸರದಿ ಆಮೇಲೆ ಡಾಕ್ಟರದು.

ತಪ್ಪು ಕಲ್ಪನೆ: “ಸ್ಟೀರಾಯ್ಡ್ ಮೊದಲ ದಿನದಿಂದಲೇ ಕೊಟ್ಟುಬಿಟ್ಟರೆ ಆಯಿತು, ಕೆಮ್ಮು ನಿಂತ ಕೂಡಲೇ ನಿಲ್ಲಿಸಿದರಾಯಿತು”

ಎರಡೂ ತಪ್ಪು, ಎರಡನೆಯದು ಹೆಚ್ಚು ಅಪಾಯದ್ದು.

ಸ್ಟೀರಾಯ್ಡ್ ಉರಿಯೂತ ತಗ್ಗಿಸುತ್ತದೆ, ಲಕ್ಷಣ ಬಂದ ಮೇಲೆ ಅದಕ್ಕೆ ಸಮನಾದದ್ದು ಸದ್ಯ ಇಲ್ಲ. ಮೊದಲೇ ಕೊಟ್ಟರೆ ರೋಗ ಬರದಂತೆ ತಡೆಯುತ್ತದೆ ಎನ್ನಲು ಮನುಷ್ಯರಲ್ಲಿ ಆಧಾರವಿಲ್ಲ. ಫೈಬ್ರೋಸಿಸ್ ಆಗಿಹೋದ ಮೇಲೆ ಅದನ್ನು ಕರಗಿಸುವುದೂ ಇಲ್ಲ. ಲಕ್ಷಣ ತೀವ್ರವಾಗಿದ್ದರೆ ದೇಹತೂಕದ ಕಿಲೋಗೆ ಸುಮಾರು ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಶುರುಮಾಡಿ, ಕೆಲವು ವಾರ ಕೊಟ್ಟು, ಆಮೇಲೆ ವಾರವಾರಕ್ಕೂ ಸ್ವಲ್ಪಸ್ವಲ್ಪವೇ ಇಳಿಸುವುದು ವಾಡಿಕೆ. ಎರಡು ಮೂರು ದಿನದಲ್ಲೇ ಉಸಿರು ಸಲೀಸಾಗಿ, ಕೆಮ್ಮು ನಿಂತು, ಮಂದಿ ‘ಸ್ಟೀರಾಯ್ಡ್ ಅಲ್ಲವೇ, ಸಾಕು’ ಎಂದು ತಾವೇ ಬಿಟ್ಟುಬಿಡುತ್ತಾರೆ. ತಣಿದಂತೆ ಕಂಡ ಉರಿಯೂತ ಆಗ ಮೊದಲಿಗಿಂತ ಜೋರಾಗಿ ತಿರುಗಿಬೀಳುತ್ತದೆ. ಇದು ಹೊಸ ಅರಿವೇನಲ್ಲ. ಹಾಜ್‌ಕಿನ್ ರೋಗಕ್ಕೆ ಎದೆಯ ವಿಕಿರಣದ ಜೊತೆಗೆ ಪ್ರೆಡ್ನಿಸೋನ್ ಸೇರಿದ ಕಿಮೊ ಪಡೆದ ಕೆಲವರಲ್ಲಿ, ಸ್ಟೀರಾಯ್ಡ್ ನಿಲ್ಲಿಸಿದ ಕೂಡಲೇ ಅಡಗಿದ್ದ ಶ್ವಾಸಕೋಶದ ಹಾನಿ ಮೇಲೆದ್ದು ಬಂದದ್ದನ್ನು ಸ್ಟ್ಯಾನ್‌ಫರ್ಡ್‌ನ ವೈದ್ಯರು 1974ರಲ್ಲೇ ಬರೆದಿದ್ದರು.

ಸ್ಟೀರಾಯ್ಡ್‌ನಿಂದ ಸಕ್ಕರೆ ಕಾಯಿಲೆ ಇರುವವರ ಸಕ್ಕರೆ ಏರುತ್ತದೆ, ಅದಕ್ಕೆ ಇನ್ಸುಲಿನ್ ಹೊಂದಿಸಬೇಕು. ವಾರಗಟ್ಟಲೆ ಹೆಚ್ಚಿನ ಡೋಸ್ ನಡೆದರೆ ಸೋಂಕು ತಡೆಯಲು ಕೋ-ಟ್ರೈಮಾಕ್ಸಜೋಲ್ ಕೂಡ ಕೊಡಬಹುದು. ಚೀಟಿಯಲ್ಲಿ ಕ್ಯಾನ್ಸರ್‌ಗೆ ಸಂಬಂಧವಿಲ್ಲದ ಆ ಮಾತ್ರೆ ಕಂಡು ಗಾಬರಿಯಾಗಬೇಕಿಲ್ಲ.

ತಪ್ಪು ಕಲ್ಪನೆ: “ಫೈಬ್ರೋಸಿಸ್‌ಗೆ ಹೊಸ ಮಾತ್ರೆ ಬಂದಿದೆ, ಕಲೆ ಕರಗುತ್ತದೆ”

ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಎರಡು ಮಾತ್ರೆಗಳಿಗೆ 2014ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಅದು ಕಾರಣ ತಿಳಿಯದೆ ಶ್ವಾಸಕೋಶ ಗಟ್ಟಿಯಾಗುವ ಬೇರೊಂದು ಕಾಯಿಲೆಗೆ. ಅಲ್ಲಿಯೂ ಇವು ಕಲೆ ಕರಗಿಸುವುದಿಲ್ಲ, ಬೆಳೆಯುವ ವೇಗವನ್ನಷ್ಟೇ ತಗ್ಗಿಸುತ್ತವೆ. ವಿಕಿರಣದ ಹಾನಿಗೆ ಕೊಟ್ಟು ನೋಡುವ ಕೆಲಸ ನಡೆದಿದೆ. ಸ್ಟೀರಾಯ್ಡ್ ಜೊತೆಗೆ ನಿಂಟೆಡಾನಿಬ್ ಸೇರಿಸಿದ, ಮೂವತ್ತರಷ್ಟು ರೋಗಿಗಳ ಒಂದು ಅಮೆರಿಕನ್ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು; ಅದರಲ್ಲಿ ರೋಗ ಮತ್ತೆ ಉಲ್ಬಣಿಸುವುದು ಕಡಿಮೆ ಕಂಡಿತು. ಉತ್ಸಾಹ ಪಡಬಹುದಾದ ಸುದ್ದಿ. ಮೂವತ್ತು ಜನರ ಮೇಲೆ ನಿಂತು ಎಲ್ಲರಿಗೂ ಬರೆದುಕೊಡಬಹುದಾದ ಸುದ್ದಿ ಇನ್ನೂ ಅಲ್ಲ. ಭೇದಿ, ಯಕೃತ್ತಿನ ತೊಂದರೆ ಇವುಗಳ ಬೆಲೆಯೊಂದಿಗೆ ಬರುವ ಬಾಬತ್ತುಗಳು.

ತಪ್ಪು ಕಲ್ಪನೆ: “ಅಯೋಡಿನ್ ಮಾತ್ರೆ ವಿಕಿರಣಕ್ಕೆಲ್ಲ ಮದ್ದು”

ಕಾರವಾರ ತಾಲ್ಲೂಕಿನ ಕೈಗಾ ಸುತ್ತಲಿನವರು ಅಯೋಡಿನ್ ಮಾತ್ರೆಯ ಹೆಸರು ಕೇಳಿರುತ್ತಾರೆ. ಅದು ಕಾಯುವುದು ಥೈರಾಯ್ಡ್ ಗ್ರಂಥಿ ಒಂದನ್ನೇ. ಅಪಘಾತದಲ್ಲಿ ಸೋರುವ ವಿಕಿರಣಶೀಲ ಅಯೋಡಿನ್ ಗ್ರಂಥಿಗೆ ಹೊಕ್ಕುವ ಮೊದಲೇ ಮಾಮೂಲಿ ಅಯೋಡಿನ್ ತುಂಬಿಸಿ ಜಾಗ ಇಲ್ಲದಂತೆ ಮಾಡುತ್ತದೆ. 1986ರಲ್ಲಿ ಚೆರ್ನೋಬಿಲ್ ಸಿಡಿದಾಗ ಪೋಲೆಂಡ್ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಇದನ್ನು ಕುಡಿಸಿತು. ಶ್ವಾಸಕೋಶಕ್ಕಾಗಲಿ ಕ್ಯಾನ್ಸರ್ ಚಿಕಿತ್ಸೆಯ ಕಿರಣಕ್ಕಾಗಲಿ ಇದರಿಂದ ಏನೂ ಆಗುವುದಿಲ್ಲ.

ಪ್ಲುಟೋನಿಯಂ ಧೂಳು ಉಸಿರಿನೊಂದಿಗೆ ಒಳಹೋದವರಿಗೆ ಡಿಟಿಪಿಎ ಎಂಬ ಮದ್ದು ಕೊಡುವುದುಂಟು. ಎಫ್‌ಡಿಎ 2004ರಲ್ಲಿ ಒಪ್ಪಿದ ಇದು ರಕ್ತಕ್ಕೆ ಇಳಿದ ಪ್ಲುಟೋನಿಯಂ ಅನ್ನು ಹಿಡಿದು ಮೂತ್ರದಲ್ಲಿ ಸಾಗಿಸುತ್ತದೆ. ಆಗಿಹೋದ ಹಾನಿಯ ದುರಸ್ತಿ ಅದರ ಕೆಲಸವಲ್ಲ. ಅಣು ದುರಂತಕ್ಕೆಂದೇ ಅಮೆರಿಕ ಒಪ್ಪಿರುವ ಫಿಲ್‌ಗ್ರಾಸ್ಟಿಮ್‌ನಂಥ ಮದ್ದುಗಳು ಅಸ್ಥಿಮಜ್ಜೆಗೆ ಸಂಬಂಧಿಸಿದವು. ಅಷ್ಟು ದೊಡ್ಡ ಖಜಾನೆ ಇರುವ ದೇಶದಲ್ಲೂ ಶ್ವಾಸಕೋಶದ ಕಪಾಟು ಇನ್ನೂ ಖಾಲಿ.

ತಪ್ಪು ಕಲ್ಪನೆ: “ಸಿಗರೇಟು ಸೇದುವವರ ಶ್ವಾಸಕೋಶ ಗಟ್ಟಿ, ಅವರಿಗೆ ಏನೂ ಆಗದು”

ಈ ಮಾತಿಗೆ ಒಂದು ವಿ‌ಚಿತ್ರ ಬೇರಿದೆ. ಹಲವು ಅಧ್ಯಯನಗಳಲ್ಲಿ ಚಿಕಿತ್ಸೆಯ ಹೊತ್ತಿಗೂ ಸೇದುತ್ತಿದ್ದವರಲ್ಲಿ ನ್ಯುಮೊನೈಟಿಸ್ ನಿಜಕ್ಕೂ ಕಡಿಮೆ ಕಂಡಿದೆ. ಹೊಗೆಯು ಉರಿಯೂತದ ಪ್ರತಿಕ್ರಿಯೆಯನ್ನೇ ಮಂಕು ಮಾಡಿರಬಹುದು ಎಂಬುದು ಒಂದು ವಿವರಣೆ. ಆದರೆ ಸೇದುವವರಲ್ಲಿ ಚಿಕಿತ್ಸೆಯ ಫಲ ಕಡಿಮೆ, ಬದುಕುವ ಅವಧಿ ಕಡಿಮೆ, ಎರಡನೇ ಕ್ಯಾನ್ಸರ್ ಹೆಚ್ಚು. ಬೀಡಿಯನ್ನು ಔಷಧದ ಪಟ್ಟಿಗೆ ಸೇರಿಸುವ ಉತ್ಸಾಹ ಯಾರಿಗೂ ಬೇಡ.

ತಪ್ಪು ಕಲ್ಪನೆ: “ಮಾತ್ರೆ ಇಲ್ಲ ಎಂದಮೇಲೆ ಶ್ವಾಸಕೋಶ ಕಾಯುವವರು ಯಾರೂ ಇಲ್ಲ”

ಕಾಯುವ ಕೆಲಸ ಕಿರಣ ಹೊರಡುವ ಮೊದಲೇ, ಪ್ಲ್ಯಾನಿಂಗ್ ಕೋಣೆಯ ಕಂಪ್ಯೂಟರ್ ಮುಂದೆ ನಡೆಯುತ್ತದೆ. ರೋಗಿಯ ಕಣ್ಣಿಗೆ ಬೀಳದ ಕಾರಣ ಅದಕ್ಕೆ ಹೆಸರಿಲ್ಲ. ಆರು ವಾರದ ಮಾಮೂಲಿ ಚಿಕಿತ್ಸೆಯಲ್ಲಿ 20 ಗ್ರೇ (ಕಿರಣದ ಡೋಸ್ ಅಳೆಯುವ ಮಾನ) ಅಥವಾ ಅದಕ್ಕಿಂತ ಹೆಚ್ಚು ಡೋಸ್ ತಾಗುವ ಶ್ವಾಸಕೋಶದ ಪಾಲು ಶೇ. 30-35 ದಾಟಬಾರದು, ಎರಡೂ ಶ್ವಾಸಕೋಶಗಳ ಸರಾಸರಿ ಡೋಸ್ 20 ಗ್ರೇ ಮೀರಬಾರದು ಎಂಬ ಮಿತಿಗಳು 2010ರಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿವೆ. ಮೊದಲನೆಯದನ್ನು ಅವರು ‘ವಿ-20’ ಎನ್ನುತ್ತಾರೆ. ಮಿತಿ ದಾಟುವಂತಿದ್ದರೆ ಭೌತವಿಜ್ಞಾನಿ ಕಿರಣಗಳ ಕೋನ ಬದಲಿಸುತ್ತಾರೆ, ಉಸಿರಾಟದೊಂದಿಗೆ ಗಡ್ಡೆ ಎಷ್ಟು ಸರಿಯುತ್ತದೆಂದು ಅಳೆದು ಅನಗತ್ಯ ಅಂಚು ಕತ್ತರಿಸುತ್ತಾರೆ. ಎಡಸ್ತನದ ಚಿಕಿತ್ಸೆಯಲ್ಲಿ ದೀರ್ಘವಾಗಿ ಉಸಿರೆಳೆದು ಹಿಡಿಯಲು ಹೇಳುವುದು ಮುಖ್ಯವಾಗಿ ಹೃದಯವನ್ನು ಕಿರಣದ ದಾರಿಯಿಂದ ಸರಿಸಲು.

ಇದರ ಫಲಕ್ಕೆ ಲೆಕ್ಕ ಸಿಕ್ಕಿದೆ. ಅಮೆರಿಕದಲ್ಲಿ ಶ್ವಾಸಕೋಶ ಕ್ಯಾನ್ಸರ್‌ನ 482 ರೋಗಿಗಳ ಪರೀಕ್ಷೆಯೊಂದರ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿದಾಗ, ಹಳೆಯ ಮೂರು ಆಯಾಮದ ತಂತ್ರದಲ್ಲಿ ತೀವ್ರ ನ್ಯುಮೊನೈಟಿಸ್ ಶೇ. 7.9ರಷ್ಟು ಜನರಿಗೆ ಬಂದಿದ್ದರೆ, ಐಎಂಆರ್‌ಟಿ ಎಂಬ ಹೊಸ ತಂತ್ರದಲ್ಲಿ ಶೇ. 3.5ಕ್ಕೆ ಇಳಿದಿತ್ತು. ಐಎಂಆರ್‌ಟಿ ಪಡೆದವರ ಗಡ್ಡೆಗಳು ಇನ್ನೂ ದೊಡ್ಡವಿದ್ದವು ಎಂಬುದನ್ನು ಗಮನಿಸಿ. ಇಷ್ಟು ಜನರಲ್ಲಿ ಇಷ್ಟು ಇಳಿಕೆ ತೋರಿದ ಮಾತ್ರೆಯನ್ನು ನಾನಂತೂ ಕಂಡಿಲ್ಲ.

ಆದ್ದರಿಂದ ಡಾಕ್ಟರನ್ನು ಕೇಳುವುದಿದ್ದರೆ ‘ಯಾವ ಮಾತ್ರೆ’ ಎನ್ನುವ ಬದಲು ‘ವಿ-20 ಎಷ್ಟು ಬಂತು’ ಎಂದು ಕೇಳಿ. ಮೊದಲೇ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಇದ್ದರೆ ಅಥವಾ ಬ್ಲಿಯೊಮೈಸಿನ್ ಕಿಮೊ ಆಗಿದ್ದರೆ ಪ್ಲ್ಯಾನಿಂಗ್‌ಗೆ ಮುಂಚೆಯೇ ಹೇಳಿ. ವಿಕಿರಣದ ನಂತರ ಡರ್ವಾಲುಮ್ಯಾಬ್‌ನಂಥ ಇಮ್ಯುನೊಥೆರಪಿ ಶುರುವಾದವರು ಇನ್ನಷ್ಟು ಎಚ್ಚರವಾಗಿರಬೇಕು. 2017ರಲ್ಲಿ ಹೊರಬಂದ ಅದರ ಮುಖ್ಯ ಪರೀಕ್ಷೆಯಲ್ಲಿ ಎಲ್ಲ ಹಂತಗಳೂ ಸೇರಿ ನ್ಯುಮೊನೈಟಿಸ್ ಶೇ. 33.9 ಇತ್ತು, ಮದ್ದಿಲ್ಲದ ಗುಂಪಿನಲ್ಲಿ ಶೇ. 24.8, ಬಹುಪಾಲು ಸೌಮ್ಯ ಸ್ವರೂಪದ್ದೇ. ಆಯುಷ್ಯ ಹೆಚ್ಚಿಸುವ ಮದ್ದಾದ್ದರಿಂದ ಅದನ್ನು ಬಿಡುವ ಮಾತಿಲ್ಲ. ಹೊಸ ಕೆಮ್ಮು ಬಂದರೆ, ಮೊನ್ನೆ ಹತ್ತಿದ ಮೆಟ್ಟಿಲು ಇವತ್ತು ಕಷ್ಟವಾದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಫೋನ್ ಮಾಡಬೇಕು. ಚಿಕಿತ್ಸೆ ಮುಗಿದ ದಿನ ಕೊಡುವ ಹಾಳೆಯಲ್ಲಿ ಕಿರಣ ಕೊಟ್ಟ ಜಾಗ, ಒಟ್ಟು ಗ್ರೇ, ಕಂತುಗಳ ಸಂಖ್ಯೆ, ಕೊನೆಯ ತಾರೀಕು ಇವೆಯೇ ನೋಡಿಕೊಂಡು, ಅದರ ಫೋಟೊವನ್ನು ಮನೆಯ ಇಬ್ಬರ ಫೋನಿನಲ್ಲಾದರೂ ಕನಿಷ್ಠ ಎರಡು ವರ್ಷ ಇಟ್ಟಿರಿ. ರಾತ್ರಿ ಹೊತ್ತು ಏದುಸಿರೆಂದು ತಾಲ್ಲೂಕು ಆಸ್ಪತ್ರೆಗೆ ಓಡಿದಾಗ ಅಲ್ಲಿನ ಡ್ಯೂಟಿ ಡಾಕ್ಟರಿಗೆ ಮೊದಲು ಬೇಕಾಗುವುದು ಅದೇ ಹಾಳೆ.